ಕಚೇರಿಗೆ ಹೊಸ ಸಿಸ್ಟಮ್: ಪದೇ ಪದೇ ಕೇಳುವ ಪ್ರಶ್ನೆಗಳು

ಸಂಸ್ಥೆಗೆ ಸಾಫ್ಟ್‌ವೇರ್ ತರಿಸುವವರು, ದಿನವೂ ಅದರಲ್ಲಿ ಕೆಲಸ ಮಾಡುವವರು, ಅದರ ಬಗ್ಗೆ ದೂರು ಕೇಳಿಸಿಕೊಳ್ಳುವವರು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳಿವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇವೆ. ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಬಹುದು.

## ಶುರುವಿನಲ್ಲಿ

ಸಾಫ್ಟ್‌ವೇರ್ ಹಾಕಿಸಿ ಆರು ತಿಂಗಳಾಯ್ತು. ಆದ್ರೂ ನಮ್ಮವರು ರಿಜಿಸ್ಟರ್ ಬಿಡ್ತಿಲ್ಲ. ಯಾಕೆ?

ರಿಜಿಸ್ಟರ್ ಮಾಡುತ್ತಿದ್ದ ಕೆಲವು ಕೆಲಸಗಳನ್ನು ಸಾಫ್ಟ್‌ವೇರ್ ಮಾಡುತ್ತಿಲ್ಲ, ಅದಕ್ಕೆ. ಯಾವುದಾದರೂ ಒಂದು ಪುಟ ತೆರೆದು ನೋಡಿ. ಅಂಚಿನಲ್ಲಿ ಪೆನ್ಸಿಲ್‌ನಿಂದ 'ನಾಳೆ ಬರ್ತಾರೆ, ಫೋನ್ ಮಾಡಿ' ಎಂದು ಬರೆದಿರುತ್ತದೆ. ಒಂದು ಸಾಲು ಅರ್ಧ ಮಾತ್ರ ತುಂಬಿರುತ್ತದೆ. ತಪ್ಪಾದ ಅಂಕಿಯನ್ನು ಹೊಡೆದು ಪಕ್ಕದಲ್ಲಿ ಚುಟುಕು ಸಹಿ ಹಾಕಿರುತ್ತಾರೆ. ಬಾಕಿ ಉಳಿದದ್ದಕ್ಕೆ ಕೆಂಪು ಗೆರೆ ಇರುತ್ತದೆ. ಹೊಸ ಪರದೆಯಲ್ಲಿ ಟಿಪ್ಪಣಿಗೆ ಜಾಗವಿಲ್ಲ, 14 ಫೀಲ್ಡ್ ತುಂಬದೆ ಸೇವ್ ಆಗುವುದಿಲ್ಲ, ತಿದ್ದಬೇಕೆಂದರೆ ಮೇಲಿನವರ ಅನುಮತಿ ಬೇಕು. ಎದುರಿಗೆ ಜನ ಕಾಯುತ್ತಾ ನಿಂತಿದ್ದರೆ ಯಾರಾದರೂ ಪುಸ್ತಕವನ್ನೇ ಎಳೆದುಕೊಳ್ಳುತ್ತಾರೆ.

ಹಾಗಾಗಿ ರಿಜಿಸ್ಟರ್ ಕಿತ್ತುಕೊಳ್ಳುವ ಮೊದಲು ಅದರ ಕೊನೆಯ 20 ಪುಟಗಳನ್ನು ತಿರುವಿಹಾಕಿ, ಅಚ್ಚಾದ ಕಾಲಮ್‌ಗಳ ಹೊರಗೆ ಕೈಯಲ್ಲಿ ಬರೆದದ್ದನ್ನೆಲ್ಲ ಪಟ್ಟಿ ಮಾಡಿ. ಸಾಫ್ಟ್‌ವೇರ್‌ನಲ್ಲಿ ಏನು ಕೊರತೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಪಟ್ಟಿ ಸಿಗುವುದಿಲ್ಲ. ಬಹಳಷ್ಟು ಕಡೆ ಟಿಪ್ಪಣಿಗೊಂದು ಜಾಗ, ಅರ್ಧಕ್ಕೆ ಉಳಿಸುವ ಸೌಲಭ್ಯ, ಬೆಳಗ್ಗೆ ತೆರೆದ ಕೂಡಲೇ ಕಾಣುವ ಬಾಕಿ ಪಟ್ಟಿ ಈ ಮೂರು ಸೇರಿದರೆ ರಿಜಿಸ್ಟರ್ ತಾನಾಗಿ ಮೂಲೆ ಸೇರುತ್ತದೆ.

ನೋಡೋಕೆ ಸುಲಭವಾಗಿರೋದು ಮುಖ್ಯನಾ, ಕೆಲಸಕ್ಕೆ ಬರೋದು ಮುಖ್ಯನಾ?

ಎರಡೂ ಬೇಕು. ತೂಕ ಹಾಕಿದರೆ ಕೆಲಸಕ್ಕೆ ಬರುವುದೇ ಮೇಲು. ಜನ ಹೊಸ ತಂತ್ರಜ್ಞಾನವನ್ನು ಯಾಕೆ ಒಪ್ಪುತ್ತಾರೆ ಎಂಬುದಕ್ಕೆ ಸಂಶೋಧಕ ಫ್ರೆಡ್ ಡೇವಿಸ್ 1989ರಲ್ಲಿ ಮುಂದಿಟ್ಟ ಮಾದರಿ ಈ ಎರಡು ಅಂಶಗಳನ್ನೇ ಅಳೆಯಿತು: 'ಇದರಿಂದ ನನ್ನ ಕೆಲಸ ಚೆನ್ನಾಗಿ ಆಗುತ್ತದೆ' ಎಂಬ ನಂಬಿಕೆ, 'ಇದನ್ನು ಬಳಸಲು ಹೆಚ್ಚು ಕಷ್ಟಪಡಬೇಕಿಲ್ಲ' ಎಂಬ ನಂಬಿಕೆ. ಬಳಕೆಯ ಜೊತೆ ಹೆಚ್ಚು ಗಟ್ಟಿಯಾಗಿ ಹೊಂದಿಕೊಂಡದ್ದು ಮೊದಲನೆಯದು. ಪ್ರಯೋಜನ ಕಂಡರೆ ಜನ ಸ್ವಲ್ಪ ತೊಡಕನ್ನು ಸಹಿಸುತ್ತಾರೆ. ಪ್ರಯೋಜನವೇ ಇಲ್ಲದಿದ್ದರೆ ಪರದೆ ಎಷ್ಟು ಚಂದವಿದ್ದರೂ ಮೊದಲ ವಾರ ಕಳೆದ ಮೇಲೆ ಅದನ್ನು ತೆರೆಯುವವರಿಲ್ಲ.

ಕಂಪನಿಯವರ ಡೆಮೋದಲ್ಲಿ ಎಲ್ಲಾ ಚೆನ್ನಾಗಿತ್ತು, ಇಲ್ಲಿ ಬಂದ ಮೇಲೆ ಏನೂ ಹೊಂದುತ್ತಿಲ್ಲ. ಡೆಮೋದಲ್ಲಿ ಏನು ನೋಡಬೇಕಿತ್ತು?

ಡೆಮೋದಲ್ಲಿ ತೋರಿಸುವುದು ಎಡವಟ್ಟಿಲ್ಲದ ದಿನವನ್ನು. ನಿಮ್ಮದೇ ಹತ್ತು ನಿಜವಾದ ಪ್ರಕರಣಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಅದರಲ್ಲಿ ಆರಾದರೂ ತಕರಾರಿನವಾಗಿರಲಿ: ಬಿಲ್ ಆದ ಮೇಲೆ ರದ್ದಾದದ್ದು, ಅರ್ಧ ಹಣ ಮಾತ್ರ ಬಂದದ್ದು, ಒಂದೇ ಹೆಸರಿನ ಇಬ್ಬರು, ಹಿಂದಿನ ತಿಂಗಳ ತಾರೀಖಿಗೆ ಹಾಕಬೇಕಾದದ್ದು, ಒಬ್ಬರ ಬದಲು ಇನ್ನೊಬ್ಬರು ಸಹಿ ಮಾಡಿದ್ದು, ವಾಪಸ್ ಬಂದದ್ದು. ಅವನ್ನು ಮಾರಾಟದವರ ಕೈಗೆ ಕೊಡಬೇಡಿ. ದಿನವೂ ಆ ಕೆಲಸ ಮಾಡುವ ನಿಮ್ಮವರೇ ಕುಳಿತು ಎಂಟ್ರಿ ಮಾಡಲಿ, ಪಕ್ಕದಲ್ಲಿ ಒಬ್ಬರು ಗಡಿಯಾರ ನೋಡಲಿ. 'ಅದು ಮುಂದಿನ ಆವೃತ್ತಿಯಲ್ಲಿ ಬರುತ್ತೆ' ಎಂಬ ಉತ್ತರ ಬಂದರೆ 'ಇಲ್ಲ' ಎಂದೇ ಬರೆದುಕೊಳ್ಳಿ.

ವಯಸ್ಸಾದವರು ಕಂಪ್ಯೂಟರ್ ಕಲಿಯಲ್ಲ ಅಂತಾರೆ. ನಿಜವೇ?

ಇದು ಸೋಮಾರಿ ವಿವರಣೆ. ಸಂಶೋಧಕ ವಿಶ್ವನಾಥ್ ವೆಂಕಟೇಶ್ ಮತ್ತು ಸಂಗಡಿಗರು 2003ರಲ್ಲಿ ತಂತ್ರಜ್ಞಾನ ಬಳಕೆಯ ಬಗೆಗಿನ ಹಿಂದಿನ ಎಂಟು ಮಾದರಿಗಳನ್ನು ಒಟ್ಟುಗೂಡಿಸಿದಾಗ ವಯಸ್ಸು ಬಳಕೆಯನ್ನು ಸೀದಾ ತಡೆಯುವ ಗೋಡೆಯಾಗಿ ಕಾಣಲಿಲ್ಲ. ಯಾವ ಅಂಶಕ್ಕೆ ಎಷ್ಟು ತೂಕ ಎಂಬುದನ್ನು ಅದು ಬದಲಿಸುತ್ತಿತ್ತು. ವಯಸ್ಸಾದವರಿಗೆ ಬಳಸಲು ಸಲೀಸಾಗಿರುವುದು, ಸಿಕ್ಕಿಕೊಂಡಾಗ ಪಕ್ಕದಲ್ಲಿ ಸಹಾಯ ಸಿಗುವುದು ಹೆಚ್ಚು ಮುಖ್ಯ. ಅಕ್ಷರದ ಗಾತ್ರ ಹೆಚ್ಚಿಸಿ. ಕಿರಿಯರ ಮುಂದೆ ತಪ್ಪು ಮಾಡಿ ಮುಜುಗರಪಡದಂತೆ ಬೇರೆ ಹೊತ್ತಿನಲ್ಲಿ ಅಭ್ಯಾಸಕ್ಕೆ ಬಿಡಿ. ಕೆಲಸದ ಅಪವಾದಗಳೆಲ್ಲ ಗೊತ್ತಿರುವುದು ಇವರಿಗೇ ಎಂಬುದನ್ನೂ ಮರೆಯಬೇಡಿ.

ಎರಡು ದಿನ ತರಬೇತಿ ಕೊಟ್ವಿ. ವಾರದಲ್ಲಿ ಎಲ್ಲಾ ಮರೆತುಬಿಟ್ರು.

ಎಲ್ಲರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ, ಎಲ್ಲ ಮೆನುಗಳನ್ನೂ ತೋರಿಸಿ, ತಿಂಗಳಾದ ಮೇಲೆ ಸಿಸ್ಟಮ್ ಶುರು ಮಾಡಿದರೆ ಹಾಗೇ ಆಗುತ್ತದೆ. ಒಬ್ಬ ನೌಕರರಿಗೆ ದಿನವೂ ಬೇಕಾಗುವುದು ಹೆಚ್ಚೆಂದರೆ ಐದಾರು ಕೆಲಸ. ಅವನ್ನು ಮಾತ್ರ, ಶುರುವಾಗುವ ವಾರದೊಳಗೆ, ಅವರದೇ ಕಾಗದಪತ್ರ ಇಟ್ಟುಕೊಂಡು, 45 ನಿಮಿಷಕ್ಕೆ ಮೀರದಂತೆ ಕಲಿಸಿ. ಅದಾದ 10 ದಿನಕ್ಕೆ ಮತ್ತೊಂದು ಬೈಠಕ್ ಇಡಿ. ನಿಜವಾದ ಪ್ರಶ್ನೆಗಳು ಹುಟ್ಟುವುದೇ ಆಗ.

ತಪ್ಪು ಮಾಡಿದರೆ ತಿದ್ದುವುದು ಹೇಗೆ ಎಂಬುದನ್ನು ಮೊದಲ ದಿನವೇ ಕಲಿಸಬೇಕು. ಅದು ತಿಳಿಯದವರು ಹೆದರಿ ಮುಟ್ಟುವುದೇ ಇಲ್ಲ. ಅಭ್ಯಾಸಕ್ಕೆ ಬೇರೆಯೇ ಒಂದು ಪ್ರತಿ ಕೊಡಿ. ಅದರ ಪರದೆಯ ಬಣ್ಣ ಬೇರೆಯಿರಲಿ, ಇಲ್ಲದಿದ್ದರೆ ಅಭ್ಯಾಸದ ಎಂಟ್ರಿ ಅಸಲಿಗೂ, ಅಸಲಿಯದು ಅಭ್ಯಾಸಕ್ಕೂ ಹೋಗುತ್ತದೆ. ಪ್ರತಿ ವಿಭಾಗಕ್ಕೆ ಕೇಳಿದರೆ ಹೇಳಿಕೊಡುವ ಒಬ್ಬರನ್ನು ಗೊತ್ತು ಮಾಡಿ, ಅದಕ್ಕೆ ತಗಲುವ ಹೊತ್ತನ್ನು ಅವರ ಬೇರೆ ಕೆಲಸದಿಂದ ಕಳೆಯಿರಿ. ಕಳೆಯದಿದ್ದರೆ ಎರಡನೇ ತಿಂಗಳಿಗೆ ಅವರೂ ಕೈಚೆಲ್ಲುತ್ತಾರೆ.

## ಹಳೆಯದರಿಂದ ಹೊಸದಕ್ಕೆ

ಹಳೇ ಡೇಟಾ ಪೂರ್ತಿ ಹೊಸದಕ್ಕೆ ಹಾಕಬೇಕಾ?

ಬೇಕಿಲ್ಲ. ಚಾಲ್ತಿಯಲ್ಲಿರುವ ಖಾತೆಗಳು, ಆರಂಭದ ಶಿಲ್ಕು, ಮುಗಿಯದ ಪ್ರಕರಣಗಳು ಸಾಕು. ಉಳಿದದ್ದನ್ನು ಓದಲು ಮಾತ್ರ ಬರುವಂತೆ ಹಳೆಯದರಲ್ಲೇ ಇಡಬಹುದು. ಹತ್ತು ವರ್ಷದ ಕಸವನ್ನು ಸಾಗಿಸಿದರೆ ಹೊಸ ಸಿಸ್ಟಮ್‌ನಲ್ಲಿ ಮೊದಲ ಹುಡುಕಾಟಕ್ಕೇ ಒಂದೇ ಹೆಸರು ನಾಲ್ಕು ಸಲ ಬರುತ್ತದೆ. 'ಇದರಲ್ಲಿ ಎಲ್ಲಾ ತಪ್ಪಿದೆ' ಎಂಬ ಮಾತು ಅವತ್ತೇ ಹಬ್ಬುತ್ತದೆ, ಅದನ್ನು ಅಳಿಸಲು ವರ್ಷ ಬೇಕು.

ಸಾಗಿಸುವಾಗ ಕೆಡುವ ಜಾಗಗಳು ಬಹುತೇಕ ಎಲ್ಲ ಕಡೆ ಇವೇ:

- ಮೊದಲಿನ ಸೊನ್ನೆ ಹಾರಿಹೋಗುತ್ತದೆ. ಎಕ್ಸೆಲ್‌ನಲ್ಲಿ ತೆರೆದ ಕೂಡಲೇ 00452 ಎಂಬ ಸಂಕೇತ 452 ಆಗುತ್ತದೆ. ಆ ಕಾಲಮ್ ಅನ್ನು ಮೊದಲೇ ಪಠ್ಯ ಎಂದು ಗುರುತಿಸಿ.
- ಉದ್ದದ ಸಂಖ್ಯೆ ಕೆಡುತ್ತದೆ. ಎಕ್ಸೆಲ್ ಸಂಖ್ಯೆಯಲ್ಲಿ 15 ಅಂಕಿಗಳನ್ನು ಮಾತ್ರ ನಿಖರವಾಗಿ ಇಟ್ಟುಕೊಳ್ಳುತ್ತದೆ. 16 ಅಂಕಿಯ ಖಾತೆ ಸಂಖ್ಯೆಯ ಕೊನೆಯ ಅಂಕಿ ಸದ್ದಿಲ್ಲದೆ 0 ಆಗುತ್ತದೆ. ಇದು ತಿಂಗಳುಗಟ್ಟಲೆ ಯಾರ ಕಣ್ಣಿಗೂ ಬೀಳದಿರಬಹುದು.
- 03/04 ಎಂಬುದು ಏಪ್ರಿಲ್ 3 ಆಗಬೇಕಿದ್ದದ್ದು ಮಾರ್ಚ್ 4 ಆಗುತ್ತದೆ. 12ಕ್ಕಿಂತ ದೊಡ್ಡ ದಿನಾಂಕಗಳು ಮಾತ್ರ ದೋಷ ತೋರಿಸುತ್ತವೆ, ಉಳಿದವು ತಪ್ಪಾಗಿಯೇ ಒಳಗೆ ಸೇರುತ್ತವೆ. ಸಾಗಿಸುವ ಕಡತದಲ್ಲಿ ವರ್ಷ-ತಿಂಗಳು-ದಿನ ಎಂಬ ಕ್ರಮವೇ ಇರಲಿ.
- ಕನ್ನಡದ ಹೆಸರುಗಳು ಪ್ರಶ್ನಾರ್ಥಕ ಚಿಹ್ನೆಗಳಾಗುತ್ತವೆ. ಕಡತವನ್ನು ಯುಟಿಎಫ್-8ರಲ್ಲಿ (ಎಲ್ಲ ಭಾಷೆಯ ಅಕ್ಷರಗಳನ್ನೂ ಹಿಡಿದಿಡುವ ಯೂನಿಕೋಡ್ ಕ್ರಮ) ಉಳಿಸಿ. ಹಳೆಯದು ಯೂನಿಕೋಡ್ ಅಲ್ಲದ ಫಾಂಟ್‌ನಲ್ಲಿದ್ದರೆ ಮೊದಲು ಪರಿವರ್ತಿಸಿ, ಒತ್ತಕ್ಷರ ಮತ್ತು ಅರ್ಕಾವತ್ತುಗಳನ್ನು ಕಣ್ಣಾರೆ ನೋಡಿ.

ಅಸಲಿ ದಿನಕ್ಕೆ ಮುಂಚೆ ಕನಿಷ್ಠ ಮೂರು ಸಲ ಪ್ರಾಯೋಗಿಕವಾಗಿ ಸಾಗಿಸಿ ನೋಡಿ. ಪ್ರತಿ ಸಲವೂ ಹಳೆಯದರಲ್ಲಿ ಎಷ್ಟು ದಾಖಲೆ, ಹೊಸದರಲ್ಲಿ ಎಷ್ಟು, ಮೊತ್ತಗಳ ಕೂಡಿಕೆ ತಾಳೆಯಾಗುತ್ತದೆಯೇ ಎಂದು ನೋಡಬೇಕು. ಆಮೇಲೆ 50 ದಾಖಲೆಗಳನ್ನು ಅಲ್ಲಲ್ಲಿಂದ ಎತ್ತಿ, ಮೂಲ ಕಾಗದದ ಜೊತೆ ಒಂದೊಂದಾಗಿ ಹೋಲಿಸಿ.

ಹಳೆಯದು ಹೊಸದು ಎರಡನ್ನೂ ಎಷ್ಟು ದಿನ ಒಟ್ಟಿಗೆ ನಡೆಸೋದು?

ಒಂದು ಪೂರ್ತಿ ಸುತ್ತು, ಅಂದರೆ ತಿಂಗಳ ಕೊನೆಯ ಲೆಕ್ಕ ಮುಗಿಯುವವರೆಗೆ. ತಾಳೆಯಾಗದಿದ್ದರೆ ಇನ್ನೊಂದು ಸುತ್ತು. ಅದಕ್ಕಿಂತ ಎಳೆದರೆ ಎರಡು ಪಟ್ಟು ಕೆಲಸದಿಂದ ಸುಸ್ತಾದವರು ಒಂದನ್ನು ನಿಜವಾಗಿ ತುಂಬಿ, ಇನ್ನೊಂದನ್ನು ಸಂಜೆ ಕೂತು ನಕಲು ಹೊಡೆಯುತ್ತಾರೆ. ಆಗ ಎರಡೂ ತಾಳೆಯಾದರೂ ಅದಕ್ಕೆ ಬೆಲೆಯಿಲ್ಲ. ಹಳೆಯದು ನಿಲ್ಲುವ ತಾರೀಖನ್ನು ಮೊದಲೇ ಎಲ್ಲರಿಗೂ ಹೇಳಿ.

ಹಾಗೆಂದು ಮರಳಿ ಹೋಗುವ ದಾರಿಯೇ ಇಲ್ಲದಂತೆ ಮಾಡುವುದೂ ಅಪಾಯ. ಲಂಡನ್ ಆಂಬುಲೆನ್ಸ್ ಸೇವೆ 1992ರ ಅಕ್ಟೋಬರ್ 26ರಂದು ಗಣಕೀಕೃತ ರವಾನೆ ವ್ಯವಸ್ಥೆಗೆ ಪೂರ್ತಿ ಹೊರಳಿತು. ವಾಹನ ಎಲ್ಲಿದೆ, ಏನು ಮಾಡುತ್ತಿದೆ ಎಂಬ ಮಾಹಿತಿ ಸರಿಯಾಗಿ ಬಾರದೆ ಸಿಸ್ಟಮ್ ತಪ್ಪು ವಾಹನಗಳನ್ನು ಆರಿಸಿತು. ಎಚ್ಚರಿಕೆಯ ಸಂದೇಶಗಳು ರಾಶಿಬಿದ್ದು ಪರದೆಯ ಮೇಲಂಚು ದಾಟಿ ಮರೆಯಾದವು. ತಡವಾಯಿತೆಂದು ಜನ ಮತ್ತೆ ಮತ್ತೆ ಕರೆ ಮಾಡಿದರು, ಹೊರೆ ಇನ್ನಷ್ಟು ಹೆಚ್ಚಿತು. ಮರುದಿನವೇ ಅರ್ಧ ಕೈಕೆಲಸಕ್ಕೆ ಮರಳಬೇಕಾಯಿತು. ನವೆಂಬರ್ 4ರಂದು ಸರ್ವರ್‌ನ ಮೆಮೊರಿಯನ್ನು ಬಿಟ್ಟುಕೊಡದ ಒಂದು ಸಣ್ಣ ಕೋಡ್ ತುಣುಕಿನಿಂದ ಸಿಸ್ಟಮ್ ನಿಂತೇಹೋಯಿತು. ಅಪೂರ್ಣ ಪರೀಕ್ಷೆ, ಸಾಲದ ತರಬೇತಿ, ಒಂದೇ ಏಟಿಗೆ ಪೂರ್ತಿ ಬದಲಾವಣೆ ಮೂರೂ ಅಲ್ಲಿ ಒಟ್ಟಿಗೆ ಬಂದಿದ್ದವು.

ಯಾವ ದಿನ ಶುರು ಮಾಡಿದ್ರೆ ಒಳ್ಳೇದು?

ಲೆಕ್ಕದ ಅವಧಿ ಹೊಸದಾಗಿ ಶುರುವಾಗುವ, ಗಿರಾಕಿಗಳ ನೂಕುನುಗ್ಗಲಿಲ್ಲದ, ಸಹಾಯಕ್ಕೆ ಜನ ಇರುವ ದಿನ. ವಾರದ ಕೊನೆಯ ದಿನ ಬೇಡ: ಸಂಜೆ ಬಂದ ತೊಂದರೆಗೆ ಎರಡು ದಿನ ಯಾರೂ ಸಿಗುವುದಿಲ್ಲ.

'ಸಿಸ್ಟಮ್ ಸ್ಲೋ' ಅಂತ ದಿನಾ ದೂರು. ಮೂರು ಸೆಕೆಂಡ್ ಕಾಯೋಕೂ ಆಗಲ್ವಾ?

ಗುಣಿಸಿ ನೋಡಿ. ದಿನಕ್ಕೆ 200 ಎಂಟ್ರಿ, ಒಂದಕ್ಕೆ 4 ಪರದೆ, ಪ್ರತಿ ಪರದೆಗೆ 3 ಸೆಕೆಂಡ್: 2,400 ಸೆಕೆಂಡ್, ಅಂದರೆ 40 ನಿಮಿಷ ಬರೀ ಕಾಯುವುದೇ. ಸುಮಾರು 1 ಸೆಕೆಂಡ್ ದಾಟಿದರೆ ಯೋಚನೆಯ ಓಟ ತುಂಡಾಗುತ್ತದೆ, 10 ಸೆಕೆಂಡ್ ದಾಟಿದರೆ ಗಮನ ಬೇರೆಡೆ ಹೋಗುತ್ತದೆ ಎಂಬುದು ಪರದೆ ವಿನ್ಯಾಸಕರು ದಶಕಗಳಿಂದ ಇಟ್ಟುಕೊಂಡ ಅಂದಾಜು. ದೂರು ಬಂದಾಗ ಯಾವ ಪರದೆ, ಎಷ್ಟು ಗಂಟೆಗೆ, ಎಷ್ಟು ಸೆಕೆಂಡ್ ಎಂದು ಮೂರು ದಿನ ಬರೆಸಿ. ಬೆಳಗ್ಗೆ ಒಂದೇ ಹೊತ್ತಿಗೆ ನಿಧಾನವಾದರೆ ಎಲ್ಲರೂ ಒಟ್ಟಿಗೆ ಲಾಗಿನ್ ಆಗುತ್ತಿರಬಹುದು, ಇಲ್ಲವೇ ಬ್ಯಾಕಪ್ ಇನ್ನೂ ಓಡುತ್ತಿರಬಹುದು. ಒಂದೇ ಪರದೆ ನಿಧಾನವಾದರೆ ದೋಷ ಡೇಟಾಬೇಸ್‌ನ ಹುಡುಕಾಟದಲ್ಲಿರುವ ಸಾಧ್ಯತೆ ಹೆಚ್ಚು. ಒಂದೇ ಕೋಣೆಯಲ್ಲಾದರೆ ಮೊದಲು ವೈಫೈ ನೋಡಿ. ಹೊಸ ಸರ್ವರ್ ಕೊಳ್ಳುವ ಮಾತು ಇವೆಲ್ಲ ಆದ ಮೇಲೆ.

## ದಿನದ ಬಳಕೆಯಲ್ಲಿ

ಕಡ್ಡಾಯ ಫೀಲ್ಡ್ ಇಟ್ರೂ ಬಾಯಿಗೆ ಬಂದದ್ದು ತುಂಬ್ತಾರೆ. ಹೇಗೆ ತಡೆಯೋದು?

ಫೋನ್ ನಂಬರಿಗೆ 9999999999, ಹುಟ್ಟಿದ ದಿನಕ್ಕೆ 01/01/1900, ವಿಳಾಸಕ್ಕೆ ಒಂದು ಚುಕ್ಕೆ, ಕಾರಣದ ಪಟ್ಟಿಯಲ್ಲಿ ಯಾವಾಗಲೂ ಮೊದಲನೆಯದು. ತುಂಬುವವರ ದೃಷ್ಟಿಯಿಂದ ಇದು ಸರಿಯಾದ ನಡೆಯೇ: ಮಾಹಿತಿ ಕೈಯಲ್ಲಿಲ್ಲ, ಜನ ಕಾಯುತ್ತಿದ್ದಾರೆ, ಪರದೆ ಬಿಡುತ್ತಿಲ್ಲ.

ಪ್ರತಿ ಫೀಲ್ಡ್‌ನಲ್ಲಿ ಅತಿ ಹೆಚ್ಚು ಸಲ ಬಂದ ಹತ್ತು ಮೌಲ್ಯಗಳನ್ನು ತೆಗೆಸಿ. ಹತ್ತು ನಿಮಿಷದ ಕೆಲಸ, ಗುಟ್ಟೆಲ್ಲ ರಟ್ಟಾಗುತ್ತದೆ. ಆಮೇಲೆ ಪ್ರತಿ ಕಡ್ಡಾಯ ಫೀಲ್ಡ್‌ಗೂ ಕೇಳಿ: ಇದನ್ನು ಕಳೆದ ಮೂರು ತಿಂಗಳಲ್ಲಿ ಯಾರು ಓದಿದರು, ಯಾವ ತೀರ್ಮಾನಕ್ಕೆ? ಉತ್ತರವಿಲ್ಲದಿದ್ದರೆ ಕಡ್ಡಾಯ ತೆಗೆಯಿರಿ. ಉತ್ತರವಿದ್ದರೆ 'ಗೊತ್ತಿಲ್ಲ' ಎಂಬ ಆಯ್ಕೆಯನ್ನೂ ಕೊಡಿ. ಸುಳ್ಳು ನಂಬರಿಗಿಂತ 'ಗೊತ್ತಿಲ್ಲ' ಎಷ್ಟೋ ಮೇಲು, ಏಕೆಂದರೆ ಅದನ್ನು ಎಣಿಸಿ ಆಮೇಲೆ ತುಂಬಿಸಬಹುದು. ಆಯ್ಕೆಪಟ್ಟಿಯಲ್ಲಿ ಮೊದಲ ಸಾಲನ್ನು ಖಾಲಿ ಬಿಡಿ. ಬಳಕೆದಾರರಿಗೆ ಬೈಯುವ ಸುತ್ತೋಲೆ ಹೊರಡಿಸಿದರೆ ಚುಕ್ಕೆಯ ಬದಲು ಎರಡು ಚುಕ್ಕೆ ಬರುತ್ತದೆ, ಅಷ್ಟೇ.

ಒಂದೇ ಪಾಸ್‌ವರ್ಡ್‌ನಲ್ಲಿ ಇಡೀ ವಿಭಾಗ ಕೆಲಸ ಮಾಡುತ್ತೆ. ಎಷ್ಟು ಹೇಳಿದ್ರೂ ಕೇಳಲ್ಲ.

ಹೊಸಬರಿಗೆ ಲಾಗಿನ್ ಸಿಗಲು ವಾರ ಹಿಡಿದರೆ ಅವರು ಆ ವಾರ ಯಾರದ್ದೋ ಹೆಸರಿನಲ್ಲೇ ಕೆಲಸ ಮಾಡುತ್ತಾರೆ, ಆಮೇಲೆ ಅದೇ ರೂಢಿಯಾಗುತ್ತದೆ. ಒಂದೇ ಕಂಪ್ಯೂಟರಿನಲ್ಲಿ ಪಾಳಿಯವರು ಬದಲಾಗುವ ಕಡೆ ಹೊರಬಂದು ಮತ್ತೆ ಒಳಹೋಗಲು ಒಂದು ನಿಮಿಷ ಬೇಕಾದರೆ ಯಾರೂ ಹೊರಬರುವುದಿಲ್ಲ. ಸೇರಿದ ದಿನವೇ ಲಾಗಿನ್ ಕೊಡಿ. ಬಿಟ್ಟುಹೋದ ದಿನವೇ ಮುಚ್ಚಿ. ಬಳಕೆದಾರ ಬದಲಾವಣೆ ಕಾರ್ಡ್ ಅಥವಾ ಪಿನ್‌ನಿಂದ ಕೆಲವೇ ಸೆಕೆಂಡಿನಲ್ಲಿ ಆಗುವಂತೆ ನೋಡಿಕೊಳ್ಳಿ. ರಜೆಯಲ್ಲಿರುವವರ ಬದಲು ಅನುಮೋದಿಸುವ ಅಧಿಕಾರವನ್ನು ಸಿಸ್ಟಮ್‌ನಲ್ಲೇ ವರ್ಗಾಯಿಸುವಂತಿರಲಿ. ಪಾಸ್‌ವರ್ಡ್ ಫೋನಿನಲ್ಲಿ ಹೇಳಿಬಿಡುವುದು ಹೆಚ್ಚಾಗಿ ಇದೇ ಕಾರಣಕ್ಕೆ. ತಿಂಗಳಿಗೊಮ್ಮೆ ಪಾಸ್‌ವರ್ಡ್ ಬದಲಿಸಿ ಎಂಬ ಒತ್ತಾಯವನ್ನೂ ಬಿಡಬಹುದು. ಸೋರಿಕೆಯಾದ ಸುಳಿವಿಲ್ಲದೆ ಸುಮ್ಮನೆ ಅವಧಿಗೊಮ್ಮೆ ಬದಲಿಸಲು ಹೇಳಬಾರದು ಎಂದು ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2017ರಲ್ಲೇ ಹೇಳಿದೆ. ಬಲವಂತ ಮಾಡಿದರೆ ಪಾಸ್‌ವರ್ಡ್‌ನ ಕೊನೆಯ ಅಂಕಿ ಒಂದೊಂದೇ ಏರುತ್ತಾ ಹೋಗುತ್ತದೆ.

ಇಷ್ಟು ದೊಡ್ಡ ಸಿಸ್ಟಮ್ ಇದ್ರೂ ಎಲ್ರೂ ಎಕ್ಸೆಲ್‌ಗೆ ಇಳಿಸ್ಕೊಂಡೇ ಕೆಲಸ ಮಾಡ್ತಾರೆ. ನಿಷೇಧಿಸಬಹುದಾ?

ನಿಷೇಧಿಸಿದರೆ ಕದ್ದು ಮಾಡುತ್ತಾರೆ. ಇಳಿಸಿಕೊಂಡು ಏನು ಮಾಡುತ್ತಾರೆ ಎಂದು ಪಕ್ಕದಲ್ಲಿ ಕೂತು ನೋಡಿ: ಎರಡು ರಿಪೋರ್ಟ್ ಜೋಡಿಸುವುದು, ಬಾಕಿಯವರನ್ನು ಬಣ್ಣದಲ್ಲಿ ಗುರುತಿಸುವುದು, ಮೇಲಿನವರು ಕೇಳಿದ ಆಕಾರಕ್ಕೆ ತರುವುದು. ಹೆಚ್ಚು ಸಲ ಆಗುವ ಎರಡು ಮೂರನ್ನು ಸಿಸ್ಟಮ್‌ನ ರಿಪೋರ್ಟ್ ಆಗಿಯೇ ಮಾಡಿಸಿ. ವಿಶ್ಲೇಷಣೆಗೆ ಎಕ್ಸೆಲ್ ಇರಲಿ, ಅದಕ್ಕೆ ಅದು ಒಳ್ಳೆಯ ಸಾಧನ.

ಒಂದು ಸಿಸ್ಟಮ್‌ನಿಂದ ಇನ್ನೊಂದಕ್ಕೆ ಡೇಟಾ ದಾಟಿಸುವ ಸೇತುವೆಯಾಗಿ ಮಾತ್ರ ಅದನ್ನು ಬಿಡಬೇಡಿ. ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಇಲಾಖೆ 2020ರಲ್ಲಿ ಕೋವಿಡ್ ಪರೀಕ್ಷಾ ಫಲಿತಾಂಶಗಳನ್ನು ಎಕ್ಸೆಲ್‌ನ ಹಳೆಯ ಕಡತ ಮಾದರಿಗೆ ತುಂಬಿ ಸಾಗಿಸುತ್ತಿತ್ತು. ಆ ಮಾದರಿಯಲ್ಲಿ ಹಿಡಿಯುವುದು 65,536 ಸಾಲು ಮಾತ್ರ, ಒಂದೊಂದು ಪ್ರಕರಣಕ್ಕೂ ಹಲವು ಸಾಲು ಬೇಕಿತ್ತು. ಮಿತಿ ಮೀರಿದ ಸಾಲುಗಳು ಬಿಟ್ಟುಹೋದವು. ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರವರೆಗಿನ 15,841 ಪ್ರಕರಣಗಳು ದಿನದ ಲೆಕ್ಕದಿಂದ ತಪ್ಪಿದವು, ಸೋಂಕಿತರ ಸಂಪರ್ಕಕ್ಕೆ ಬಂದವರನ್ನು ಹುಡುಕುವುದೂ ಅಷ್ಟೇ ತಡವಾಯಿತು. ಹೊಸ ಮಾದರಿಯಲ್ಲಿ 10,48,576 ಸಾಲು ಹಿಡಿಯುತ್ತದೆ. ಆದರೆ ಕಳಿಸಿದ್ದೆಷ್ಟು, ತಲುಪಿದ್ದೆಷ್ಟು ಎಂದು ಎಣಿಸುವ ಅಭ್ಯಾಸವಿಲ್ಲದಿದ್ದರೆ ಯಾವ ಮಿತಿಯೂ ಸಾಲದು.

ಸಿಬ್ಬಂದಿ ಬೇಕಂತಲೇ ವಿರೋಧ ಮಾಡ್ತಿದ್ದಾರೆ ಅನ್ಸುತ್ತೆ. ಏನು ಮಾಡೋದು?

ಬೇಕಂತಲೇ ಇರಬಹುದು, ಆದರೆ ಕಾರಣವಿಲ್ಲದೆ ಅಲ್ಲ. ಎಂಟ್ರಿಯ ಹೊರೆ ಯಾರ ಮೇಲೆ, ರಿಪೋರ್ಟಿನ ಲಾಭ ಯಾರಿಗೆ ಎಂದು ಎರಡು ಕಾಲಮ್‌ನಲ್ಲಿ ಬರೆಯಿರಿ. ಸಂಶೋಧಕ ಜೊನಾಥನ್ ಗ್ರೂಡಿನ್ 1988ರಲ್ಲಿ ತೋರಿಸಿದ್ದು ಇದನ್ನೇ: ಸಭೆ ಗೊತ್ತುಮಾಡುವ ತಂತ್ರಾಂಶದಿಂದ ಅನುಕೂಲವಾಗುವುದು ಸಭೆ ಕರೆಯುವವರಿಗೆ, ದಿನವೂ ಕ್ಯಾಲೆಂಡರ್ ತುಂಬಿಡಬೇಕಾದವರು ಮಿಕ್ಕವರೆಲ್ಲ. ಇಂಥ ಕಡೆ ತುಂಬುವವರಿಗೂ ಏನಾದರೂ ಸಿಗಬೇಕು. ಒಮ್ಮೆ ತುಂಬಿದ್ದನ್ನು ಮತ್ತೆ ಕೇಳದಿರುವುದು, ತಿಂಗಳ ರಿಪೋರ್ಟ್ ತಾನೇ ತಯಾರಾಗುವುದು, ಕಾಗದದ ಒಂದು ನಮೂನೆ ರದ್ದಾಗುವುದು. ಈ ಕೊನೆಯದರಷ್ಟು ಬೇಗ ಮನ ಒಲಿಸುವುದು ಬೇರೆ ಯಾವುದೂ ಇಲ್ಲ.

ಕೆಲವೊಮ್ಮೆ ವಿಷಯ ಅಧಿಕಾರದ್ದು. ಸಂಶೋಧಕಿ ಲಿನ್ ಮಾರ್ಕಸ್ 1983ರಲ್ಲಿ ವಿವರಿಸಿದ ಕಂಪನಿಯಲ್ಲಿ ಹೊಸ ಹಣಕಾಸು ವ್ಯವಸ್ಥೆ ವಿಭಾಗಗಳ ಲೆಕ್ಕವನ್ನು ಕೇಂದ್ರ ಕಚೇರಿಯವರು ನೇರವಾಗಿ ನೋಡುವಂತೆ ಮಾಡಿತು. ಕೇಂದ್ರದವರಿಗೆ ಹಿತವಾಯಿತು, ವಿಭಾಗದ ಲೆಕ್ಕಿಗರು ವರ್ಷಗಟ್ಟಲೆ ಪ್ರತಿರೋಧಿಸಿದರು. ಇಂಥದ್ದಕ್ಕೆ ತರಬೇತಿ ಮದ್ದಲ್ಲ. ಯಾರು ಏನನ್ನು, ಯಾವಾಗ ನೋಡಬಹುದು ಎಂದು ಕೂತು ಮಾತಾಡಬೇಕು. ಉದಾಹರಣೆಗೆ, ವಿಭಾಗದವರು ತಿದ್ದಿ ಒಪ್ಪಿದ ಎರಡು ದಿನದ ಮೇಲೆ ಕೇಂದ್ರಕ್ಕೆ ಕಾಣುವಂತೆ ಮಾಡಬಹುದು.

ಸಾಹೇಬರೇ ಪ್ರಿಂಟ್ ಕೇಳ್ತಾರೆ. ಕೆಳಗಿನವರಿಗೆ ಏನು ಹೇಳೋದು?

ಏನು ಹೇಳಿದರೂ ಪ್ರಯೋಜನವಿಲ್ಲ. ವಾರದ ಸಭೆಯಲ್ಲಿ ಸಿಸ್ಟಮ್‌ನ ಪರದೆಯನ್ನೇ ಗೋಡೆಯ ಮೇಲೆ ತೆರೆದು, ಅದರಲ್ಲಿ ಇಲ್ಲದ್ದನ್ನು ಚರ್ಚಿಸುವುದಿಲ್ಲ ಎಂದು ಅವರೇ ಹೇಳಬೇಕು. ಒಪ್ಪದಿದ್ದರೆ ಅವರಿಗೆ ಬೇಕಾದ ಒಂದೇ ಪುಟದ ಸಾರಾಂಶ ಬೆಳಗ್ಗೆ ಫೋನಿಗೆ ತಾನೇ ಬರುವಂತೆ ಮಾಡಿ.

## ಅಳತೆ, ಲಾಭ, ಮುಂದಿನ ದಾರಿ

ಲಾಗಿನ್ ಎಣಿಸಿದ್ರೆ 95% ಬಳಕೆ ತೋರಿಸುತ್ತೆ. ಯಶಸ್ಸು ಅಂತ ಹೇಳಬಹುದಾ?

ಬಳಕೆ ಕಡ್ಡಾಯವಾಗಿರುವ ಕಡೆ ಲಾಗಿನ್ ಸಂಖ್ಯೆ ಹಾಜರಿಯನ್ನಷ್ಟೇ ಹೇಳುತ್ತದೆ. ಸಂಶೋಧಕರಾದ ಡಿಲೋನ್ ಮತ್ತು ಮೆಕ್‌ಲೀನ್ ಮಾಹಿತಿ ವ್ಯವಸ್ಥೆಗಳಿಗಾಗಿ 1992ರಲ್ಲಿ ರಚಿಸಿ 2003ರಲ್ಲಿ ಪರಿಷ್ಕರಿಸಿದ ಯಶಸ್ಸಿನ ಮಾದರಿಯಲ್ಲಿ ಬಳಕೆ ಒಂದು ಕೊಂಡಿ ಮಾತ್ರ. ಸಿಸ್ಟಮ್‌ನ ಗುಣ, ಮಾಹಿತಿಯ ಗುಣ, ಸಿಗುವ ಸೇವೆಯ ಗುಣ, ಬಳಸುವವರ ತೃಪ್ತಿ, ಕೊನೆಗೆ ಆದ ಲಾಭ ಎಲ್ಲವೂ ಅದರಲ್ಲಿವೆ.

ನಾವು ಮೊದಲು ನೋಡುವುದು ಒಂದೇ ಅಂಕಿ: ಘಟನೆ ನಡೆದ ಹೊತ್ತಿಗೂ ಎಂಟ್ರಿಯಾದ ಹೊತ್ತಿಗೂ ಇರುವ ಅಂತರ. ಸರಕು ಬೆಳಗ್ಗೆ 10ಕ್ಕೆ ಬಂದು, ಎಂಟ್ರಿಗಳೆಲ್ಲ ಸಂಜೆ 5ರಿಂದ 6ರೊಳಗೆ ಗುಂಪಾಗಿ ಬಿದ್ದಿದ್ದರೆ ನಿಜವಾದ ಕೆಲಸ ಬೇರೆಲ್ಲೋ ಚೀಟಿಯಲ್ಲಿ ನಡೆಯುತ್ತಿದೆ ಎಂದರ್ಥ. ಇದರ ಜೊತೆಗೆ ತಿದ್ದುಪಡಿಗಳ ಪ್ರಮಾಣ ನೋಡಿ, ಯಾರೂ ತೆರೆಯದ ರಿಪೋರ್ಟ್‌ಗಳ ಪಟ್ಟಿ ತೆಗೆಸಿ. ಈ ಅಂಕಿಗಳನ್ನು ವ್ಯಕ್ತಿಗಳಿಗೆ ಶಿಕ್ಷೆ ಕೊಡಲು ಬಳಸಿದ ದಿನವೇ ಅವು ಸುಳ್ಳಾಗಲು ಶುರುವಾಗುತ್ತವೆ.

ಇಷ್ಟು ದುಡ್ಡು ಸುರಿದ್ರೂ ಲಾಭ ಯಾಕೆ ಕಾಣ್ತಿಲ್ಲ?

ಅರ್ಥಶಾಸ್ತ್ರಜ್ಞ ರಾಬರ್ಟ್ ಸೊಲೊ 1987ರಲ್ಲೇ ಇದನ್ನು ಕುಟುಕಿದ್ದರು: ಕಂಪ್ಯೂಟರ್ ಯುಗ ಎಲ್ಲೆಲ್ಲೂ ಕಾಣುತ್ತದೆ, ಉತ್ಪಾದಕತೆಯ ಅಂಕಿಅಂಶಗಳಲ್ಲಿ ಮಾತ್ರ ಇಲ್ಲ. 1990ರಲ್ಲಿ ಆರ್ಥಿಕ ಇತಿಹಾಸಕಾರ ಪಾಲ್ ಡೇವಿಡ್ ಅದನ್ನು ವಿದ್ಯುತ್ತಿನ ಇತಿಹಾಸದ ಜೊತೆ ಇಟ್ಟು ನೋಡಿದರು. ಉಗಿಯಂತ್ರದ ಕಾಲದ ಕಾರ್ಖಾನೆಗಳಲ್ಲಿ ಒಂದೇ ಉದ್ದದ ದಂಡ ತಿರುಗಿ, ಪಟ್ಟಿಗಳ ಮೂಲಕ ಎಲ್ಲ ಯಂತ್ರಗಳನ್ನು ಓಡಿಸುತ್ತಿತ್ತು. ಉಗಿಯ ಜಾಗಕ್ಕೆ ವಿದ್ಯುತ್ ಮೋಟಾರ್ ಇಟ್ಟು ದಂಡ-ಪಟ್ಟಿಗಳನ್ನು ಹಾಗೇ ಬಿಟ್ಟವರಿಗೆ ಸಿಕ್ಕ ಲಾಭ ಅಲ್ಪ. ಪ್ರತಿ ಯಂತ್ರಕ್ಕೂ ಅದರದೇ ಮೋಟಾರ್ ಬಂದು, ಕೆಲಸ ಸಾಗುವ ಕ್ರಮಕ್ಕೆ ತಕ್ಕಂತೆ ಕಾರ್ಖಾನೆಯನ್ನೇ ಮರುಜೋಡಿಸಿದ ಮೇಲೆ, 1920ರ ದಶಕದಲ್ಲಿ, ಉತ್ಪಾದಕತೆ ಜಿಗಿಯಿತು.

ಕಚೇರಿಯಲ್ಲೂ ಅದೇ. ಐದು ಸಹಿಯ ಕಡತವನ್ನು ಐದು ಕ್ಲಿಕ್ಕಿನ ಕಡತ ಮಾಡಿದರೆ ಉಳಿಯುವುದು ಕಾಗದ ಮಾತ್ರ. ಕಳೆದ ನೂರು ಕಡತಗಳಲ್ಲಿ ಮೂರನೇ ಸಹಿಯವರು ಎಷ್ಟನ್ನು ತಿರಸ್ಕರಿಸಿದರು ಎಂದು ಎಣಿಸಿ. ಸೊನ್ನೆ ಬಂದರೆ ಆ ಹಂತವೇ ಬೇಡ.

ನಮ್ಮವರು ಎಐ ಚಾಟ್‌ನಲ್ಲಿ ಪತ್ರ ಬರೆಸ್ಕೊಳ್ತಿದ್ದಾರೆ. ಯಾರೂ ಹೇಳಿಕೊಟ್ಟಿಲ್ಲ. ಬಿಡಬಹುದಾ?

ಯಾರೂ ಬಲವಂತ ಮಾಡದೆ ಜನ ತಾವಾಗಿ ಎತ್ತಿಕೊಂಡ ಸಾಧನ ಅದು, ಹಾಗಾಗಿ ಅವರಿಗೆ ಏನು ಬೇಕಿತ್ತು ಎಂಬುದನ್ನೂ ಅದು ಹೇಳುತ್ತದೆ. ಮೊದಲು ಒಂದು ಪುಟದ ನಿಯಮ ಮಾಡಿ. ಹೆಸರು, ಖಾತೆ ಸಂಖ್ಯೆ, ಆರೋಗ್ಯದ ವಿವರ, ಒಪ್ಪಂದದ ಪಠ್ಯ ಇವನ್ನು ಸಾರ್ವಜನಿಕ ಸೇವೆಗೆ ಹಾಕುವಂತಿಲ್ಲ. ಅಂಕಿ, ದಿನಾಂಕ, ಕಾನೂನಿನ ಉಲ್ಲೇಖ ಇದ್ದರೆ ಮೂಲ ನೋಡದೆ ಕಳಿಸುವಂತಿಲ್ಲ. ಸಹಿ ಮಾಡಿದವರೇ ಹೊಣೆ. ಆಮೇಲೆ, ಡೇಟಾವನ್ನು ತರಬೇತಿಗೆ ಬಳಸುವುದಿಲ್ಲ ಎಂದು ಒಪ್ಪಂದದಲ್ಲಿ ಬರೆದುಕೊಡುವ ಸೇವೆಯೊಂದನ್ನು ಸಂಸ್ಥೆಯೇ ಕೊಡಿಸಲಿ.

ಎರಡು ವರ್ಷ ಹೆಣಗಾಡಿದ್ವಿ. ಈ ಸಿಸ್ಟಮ್ ಬಿಟ್ಟು ಬೇರೆಗೆ ಹೋಗೋದು ಯಾವಾಗ ಸರಿ?

ತೊಂದರೆಗಳನ್ನು ಎರಡು ಗುಂಪು ಮಾಡಿ: ಸಿಸ್ಟಮ್ ಬದಲಿಸಿದರೆ ಹೋಗುವವು, ಬದಲಿಸಿದರೂ ಉಳಿಯುವವು. ಕೊಳಕು ಡೇಟಾ, ಅತಿಯಾದ ಅನುಮೋದನೆ, ಪಾಸ್‌ವರ್ಡ್ ಹಂಚಿಕೆ ಎರಡನೆಯ ಗುಂಪಿನವು. ಅವನ್ನು ಇಲ್ಲೇ ಸರಿಪಡಿಸದೆ ಹೋದರೆ ಹೊಸ ಮನೆಗೂ ಹಿಂದೆಯೇ ಬರುತ್ತವೆ. ಮೂಲ ರಚನೆಯೇ ನಿಮ್ಮ ಕೆಲಸಕ್ಕೆ ಹೊಂದದಿದ್ದರೆ, ಮಾರಾಟಗಾರರು ಭದ್ರತಾ ತಿದ್ದುಪಡಿ ಕೊಡುವುದನ್ನು ನಿಲ್ಲಿಸಿದ್ದರೆ, ಅಥವಾ ಪ್ರತಿ ಸಣ್ಣ ಬದಲಾವಣೆಗೂ ತಿಂಗಳು ಹಿಡಿದರೆ ಹೊರಡಿ.

ಬಿಡುತ್ತೇವೆಂದು ಮಾರಾಟಗಾರರಿಗೆ ನೋಟಿಸ್ ಕೊಡುವ ಮೊದಲೇ ಪೂರ್ತಿ ಡೇಟಾವನ್ನು ಒಮ್ಮೆ ಹೊರಗೆ ತೆಗೆಸಿ, ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿ. ಸಾಲುಗಳು ಬಂದು ಅವಕ್ಕೆ ಲಗತ್ತಿಸಿದ ಸ್ಕ್ಯಾನ್ ಪ್ರತಿಗಳು ಬಾರದಿರುವುದು, ಯಾರು ಯಾವಾಗ ತಿದ್ದಿದರು ಎಂಬ ಇತಿಹಾಸ ಬಿಟ್ಟುಹೋಗುವುದು ಸಾಮಾನ್ಯ. ಅವನ್ನು ಕೇಳಿ ಪಡೆಯುವ ಬಲ ನಿಮಗಿರುವುದು ಕೊನೆಯ ಕಂತು ಪಾವತಿಯಾಗುವವರೆಗೆ ಮಾತ್ರ.